ಮುನ್ನೂರು ಮೀಟರಿನ ತಪ್ಪು

"ಇದಕ್ಕೇನಾ ನಾನು ಹನ್ನೆರಡು ದಿನ ನಿಮ್ಮ ಜೊತೆ ಬಿಸಿಲಲ್ಲಿ ಅಲೆದದ್ದು?"

ಲಿಂಬಾನಿ ವರದಿಯನ್ನು ಮೇಜಿನ ಮೇಲೆ ರಪ್ಪನೆ ಎಸೆದ. ನಕ್ಷೆ ಕಚೇರಿಯಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ತಮಂದಾಳಿಗೆ ಮೈಯೆಲ್ಲ ಉರಿದುಹೋಯಿತು.

"ಮೆಲ್ಲಗೆ ಮಾತಾಡಿ. ಇದು ಕಚೇರಿ, ನಿಮ್ಮ ಹೊಲಿಗೆ ಅಂಗಡಿ ಅಲ್ಲ."

"ಹೊಲಿಗೆ ಅಂಗಡೀಲಿ ಮರ್ಯಾದೆ ಇರುತ್ತೆ ಮೇಡಂ!"

ಅಬ್ಬಾ, ಇಬ್ಬರೂ ಇಬ್ಬರೇ!

ಥ್ಯೋಲೋ ಬೆಟ್ಟಗಳ ನಡುವಿನ ನಂಫೋಕ ಹಳ್ಳಿಯಲ್ಲಿ ಅವನು ದರ್ಜಿ. ಹಳ್ಳಿಯ ಸ್ಮಶಾನ ತಮ್ಮದೆಂದು ಪಕ್ಕದ ಚಹಾ ತೋಟದವರು ತಗಾದೆ ತೆಗೆದಿದ್ದರು. ಹಳ್ಳಿಯವರ ಬಳಿ ಇದ್ದ ಸಾಕ್ಷಿ ಒಂದೇ, ಎಪ್ಪತ್ತು ವರ್ಷದ ಹಳೇ ನಕ್ಷೆ. ಅದನ್ನು ನಂಬಬಹುದೇ ಎಂದು ಪರೀಕ್ಷಿಸಲು ಹೋದವಳು ತಮಂದಾ. ಇಗರ್ಜಿ, ಸೇತುವೆ, ಎರಡು ಹೊಳೆ ಕೂಡುವ ಜಾಗ... ನಲವತ್ತು ಗುರುತುಗಳನ್ನು ಅವನೇ ಹುಡುಕಿ ತೋರಿಸಿದ್ದ. ಅವಳು ಒಂದೊಂದನ್ನೂ ಇಂದಿನ ನಕ್ಷೆಯ ಜೊತೆ ತಾಳೆ ನೋಡಿದ್ದಳು. ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಿಂದ ನ್ಸಿಮಾ, ಅಂದರೆ ಮೆಕ್ಕೆಜೋಳದ ಮುದ್ದೆ, ಮುರಿದು ತಿಂದಿದ್ದರು. ಅವಳ ಮನಸ್ಸು ಆಗಲೇ ಜಾರಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

ಆಮೇಲೆ ಈ ವರದಿ. 'ಸರಾಸರಿ ತಪ್ಪು ಮುನ್ನೂರು ಮೀಟರ್. ಈ ನಕ್ಷೆ ನಂಬಲರ್ಹವಲ್ಲ.'

"ಶುಕ್ರವಾರ ವಿಚಾರಣೆ. ಸೋತರೆ ನಮ್ಮವ್ವನ ಸಮಾಧಿ ಮೇಲೆ ಚಹಾ ಗಿಡ ನೆಡ್ತಾರೆ. ತೋಟದವರು ನಿಮಗೆ ಎಷ್ಟು ಕೊಟ್ರು?"

"ನಾಲಿಗೆ ಬಿಗಿಹಿಡಿದು ಮಾತಾಡಿ!" ತಮಂದಾ ಎದ್ದೇ ನಿಂತಳು. ಕಣ್ಣಲ್ಲಿ ನೀರು... ಆದರೆ ಈ ಹುಡುಗಿ ಅಳುವವಳೇ? ಹಾಳೆಯೊಂದನ್ನು ಸರ್ರನೆ ಬಿಡಿಸಿದಳು. "ನೀವೇ ನೋಡಿ! ಪ್ರತಿ ಗುರುತೂ ಹಳೇ ನಕ್ಷೆಯಲ್ಲಿ ಎಲ್ಲಿದೆ, ನಿಜವಾಗಿ ಎಲ್ಲಿದೆ, ಎಲ್ಲಾ ಬಾಣ ಹಾಕಿ ತೋರಿಸಿದ್ದೀನಿ. ನಲವತ್ತರಲ್ಲಿ ಒಂದಾದರೂ ಸರಿ ಇದೆಯಾ?"

ಲಿಂಬಾನಿ ನೋಡಿದ. ಹುಬ್ಬು ಗಂಟಿಕ್ಕಿತು.

"ಎಲ್ಲಾ ಬಾಣಾನೂ ಒಂದೇ ಕಡೆಗಿವೆ."

"ಹೌದು. ಅದಕ್ಕೇನೀಗ?"

"ಉದ್ದಾನೂ ಒಂದೇ. ಕತ್ತರಿಸಿದವನ ಕೈ ನಡುಗಿದ್ರೆ ತಪ್ಪು ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ಇದು ಹಾಗಲ್ಲ. ಮಾದರಿ ಸರಿಯಾಗಿದೆ ಮೇಡಂ, ನೀವು ಅದನ್ನ ಬಟ್ಟೆ ಮೇಲೆ ಜಾರಿಸಿ ಇಟ್ಟಿದ್ದೀರಿ!"

ತಮಂದಾ ಹಾಳೆಯ ಮೇಲೆ ಬಗ್ಗಿ ಬಾಣಗಳನ್ನು ಮತ್ತೆ ನೋಡಿದಳು.

ಅಯ್ಯೋ ದೇವರೇ... ಆ ಕಾಲದ ಅಕ್ಷಾಂಶ-ರೇಖಾಂಶದ ಲೆಕ್ಕವೇ ಬೇರೆ! ಇಂದಿನ ಲೆಕ್ಕಕ್ಕೆ ಬದಲಿಸದೆ ಹೋಲಿಸಿದರೆ ಊರಿಗೆ ಊರೇ ಪಕ್ಕಕ್ಕೆ ಸರಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ಅದನ್ನೇ ಮರೆತಿದ್ದೆನಲ್ಲಾ!

ಮತ್ತೆ ಲೆಕ್ಕ ಹಾಕಿದಳು. ಮುನ್ನೂರು ಮೀಟರ್ ಹನ್ನೊಂದಕ್ಕೆ ಇಳಿಯಿತು.

"ತಪ್ಪು ನಂದು," ಎಂದಳು.

"ಇಲ್ಲಿ ಹೇಳಿದ್ರೆ ಸಾಲದು. ವಿಚಾರಣೇಲಿ ಹೇಳಿ!" ಎಂದವನೇ ಹೊರಟುಹೋದ. ಒಂದು ಸಲವೂ ತಿರುಗಿ ನೋಡಲಿಲ್ಲ, ಪಾಪಿ.

ಶುಕ್ರವಾರ ನ್ಯಾಯಾಲಯದಲ್ಲಿ ತೋಟದ ವಕೀಲ ಅವಳ ಹಳೇ ವರದಿಯನ್ನೇ ಗಟ್ಟಿಯಾಗಿ ಓದಿದ. ತಮಂದಾ ಎದ್ದು ನಿಂತಳು. "ಆ ವರದಿ ತಪ್ಪು. ತಪ್ಪು ಮಾಡಿದವಳು ನಾನು, ನಕ್ಷೆ ಅಲ್ಲ."

ವಕೀಲ ನಕ್ಕ. "ನಿಮ್ಮನ್ನು ಇನ್ಮೇಲೆ ಯಾರು ನಂಬಬೇಕಮ್ಮಾ?"

"ನನ್ನ ನಂಬಬೇಡಿ! ನಲವತ್ತು ಗುರುತು ಇಲ್ಲಿವೆ. ಯಾರ ಕೈಲಾದರೂ ಅಳೆಸಿ!"

ಅಳೆಸಿದರು. ನಕ್ಷೆ ಗೆದ್ದಿತು, ಸ್ಮಶಾನ ಹಳ್ಳಿಗೇ ಉಳಿಯಿತು. ಹೆಂಗಸರು ನ್ಯಾಯಾಲಯದ ಅಂಗಳದಲ್ಲೇ ಕೇಕೆ ಹಾಕುತ್ತ ಕುಣಿದರು.

ತಮಂದಾ ಯಾರ ಕಣ್ಣಿಗೂ ಬೀಳದೆ ಮಿನಿಬಸ್ಸಿನತ್ತ ನಡೆದಳು. ಹಿಂದೆ ಓಡಿಬಂದ ಹೆಜ್ಜೆ ಸದ್ದು, ಲಿಂಬಾನಿಯದು.

"ನಿಲ್ಲಿ! ದುಡ್ಡು ತಿಂದ್ರಿ ಅಂದಿದ್ದು... ಅದು ನನ್ನ ತಪ್ಪು."

"ಮೂರು ದಿನ ನಿದ್ದೆ ಮಾಡಿಲ್ಲ ನಾನು! ಬೇರೆ ಯಾರು ಅಂದಿದ್ರೂ ಸಹಿಸ್ಕೋತಿದ್ದೆ. ನೀವು ಅಂದ್ರಿ!"

"ನಾನು ಅಂದ್ರೆ ಯಾಕೆ ಅಷ್ಟು ನೋವು?"

ಈಗ ಮಾತ್ರ ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ.

"ತಮಂದಾ..." ಮೊದಲ ಸಲ 'ಮೇಡಂ' ಬಿಟ್ಟು ಹೆಸರು ಹಿಡಿದು ಕರೆದಿದ್ದ. "ಭಾನುವಾರ ನನ್ನ ಸೋದರಮಾವನ್ನ ನಿನ್ನ ಸೋದರಮಾವನ ಹತ್ರ ಕಳಿಸ್ತೀನಿ."

"ಯಾಕೆ, ದೂರು ಹೇಳೋಕಾ?"

"ಹೆಣ್ಣು ಕೇಳೋಕೆ."

"ಇನ್ನೂ ಸಿಟ್ಟಿದೆ ನಂಗೆ," ಎಂದಳು ಮೂಗೊರೆಸಿಕೊಳ್ಳುತ್ತಾ.

"ಇರಲಿ. ಬೇಡ ಅಂತೀಯಾ?"

"ಭಾನುವಾರದವರೆಗೆ ಯಾಕೆ ಕಾಯಬೇಕು ಅಂತಾನೇ ಸಿಟ್ಟು!"