ಎರಡು ಬೆರಳಷ್ಟು ತೆರೆದ ಕಿಟಕಿ

ಬೆಳಿಗ್ಗೆ ಹತ್ತರ ಹೊತ್ತಿಗೆ ಸೀಟಕ್ಕನ ಶೆಡ್ಡಿನ ಬಾಗಿಲಿಗೆ ಬಂದು ನಿಂತವಳ ಹಣೆಗೆ ಬ್ಯಾಂಡೇಜು ಸುತ್ತಿತ್ತು. ಒಳಗೆ ಬಾ ಅಂದರೂ ಬರಲಿಲ್ಲ. ಕಂಬ ಹಿಡಿದುಕೊಂಡೇ ಒಂದೇ ಉಸಿರಿಗೆ ಹೇಳಿದಳು.

"ಅಕ್ಕ, ಸಾಯಂಕಾಲ ಐದಕ್ಕೆ ಪೊಲೀಸ್ನೋರು ನನ್ನ ತಮ್ಮನ್ನ ಕರ್ಕೊಂಡು ಹೋಗ್ತಾರೆ. ತಾತನ್ನ ಕೊಂದಿದ್ದು ಅವನು ಮಾಡಿದ ಸೈಲೆನ್ಸರಂತೆ."

ಮೂಲೆಯಲ್ಲಿ ಹಾರ್ನಿನ ತಂತಿ ಸುಲಿಯುತ್ತಿದ್ದ ಫ್ಯೂಸಣ್ಣನ ಕೈಯಿಂದ ಇಕ್ಕಳ ಜಾರಿ ಬಿತ್ತು. ಗ್ಯಾರೇಜು ಗಲ್ಲಿಯಲ್ಲಿ ಇಪ್ಪತ್ತೈದು ವರ್ಷದಿಂದ ಕಾರುಗಳ ವೈರಿಂಗ್ ಮಾಡುತ್ತಿದ್ದ ಅವನಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ಎಲ್ಲಿ ಸ್ವಲ್ಪ ಬಿಸಿ ಏರಿದರೂ ಮೊದಲು ಹಾರುತ್ತಿದ್ದವನು ಅವನೇ. ಅದೇ ಶೆಡ್ಡಿನಲ್ಲಿ ಸೀಟು ಹೊಲಿಯುವ ಸೀಟಕ್ಕ ಅದಕ್ಕೆ ತದ್ವಿರುದ್ಧ. ಅರವತ್ತು ದಾಟಿದ ಹೆಂಗಸು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕಳುವಾದ ಬ್ಯಾಟರಿಯನ್ನೂ ಸುಳ್ಳು ಆಕ್ಸಿಡೆಂಟನ್ನೂ ಪತ್ತೆ ಮಾಡಿದವಳು. "ಕಾರಲ್ಲಿ ಏನು ನಡೆದ್ರೂ ಮೊದಲು ಗೊತ್ತಾಗೋದು ಸೀಟಿಗೆ" ಅನ್ನುತ್ತಿದ್ದಳು. ಅವಳು ಹೋದಲ್ಲೆಲ್ಲ ಹಿಂದೆ ಟಾರ್ಚು ಹಿಡಿದು ಹೋಗುವುದು ಫ್ಯೂಸಣ್ಣನ ಪಾಲಿನ ಕೆಲಸ.

ಬಂದವಳು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕಾರ್ಖಾನೆಯವರು ಬಸ್ಸು ನಿಲ್ಲಿಸಿದ ಮೇಲೆ ಹದಿನೈದು ವರ್ಷದ ಹಳೆಯ ಸಣ್ಣ ಕಾರೊಂದನ್ನು ಕೊಂಡು, ಜೊತೆಯವರನ್ನೂ ಕೂರಿಸಿಕೊಂಡು ದಿನಾ ಮುಕ್ಕಾಲು ಗಂಟೆ ಓಡಿಸುತ್ತಿದ್ದಳು. ಓಡಿಸಿದ್ದಷ್ಟೇ ಅಲ್ಲ, ಅದನ್ನು ಚೆಂದ ಮಾಡಿಕೊಂಡಿದ್ದಳು. ತಿಂಗಳಿಗೊಂದು ಸಾಮಾನು: ಗುಜರಿಯಿಂದ ಅಗಲದ ಚಕ್ರ, ಬೇರೆ ಕಾರಿನಿಂದ ಕಿತ್ತ ಹಿಂದಿನ ಸೀಟು, ಎರಡು ಹಳೆಯದನ್ನು ಸೇರಿಸಿ ವೆಲ್ಡರ್ ತಮ್ಮ ಮಾಡಿಕೊಟ್ಟ ಸೈಲೆನ್ಸರು. ಆ ಸೀಟಿಗೆ ಕವರು ಹೊಲಿದವಳು ಸೀಟಕ್ಕ. ಹಿಂದಿನ ಬಾಗಿಲುಗಳಿಗೆ ಸೆಕೆಂಡ್‌ಹ್ಯಾಂಡ್ ಸ್ಪೀಕರ್ ಕೂರಿಸಿದವನು ಫ್ಯೂಸಣ್ಣ.

"ತಾತ ಅಂದ್ರೆ ನಿಮ್ಮ ಸ್ಟೋರ್‌ಕೀಪರ್ ತಾತಾನಾ? ಏನಾಯ್ತು, ಮೊದಲಿಂದ ಹೇಳಮ್ಮ" ಅಂದಳು ಸೀಟಕ್ಕ.

"ಮೊನ್ನೆ ಸಾಯಂಕಾಲ ಕೆಲಸ ಮುಗಿಸಿ ವಾಪಸ್ ಬರ್ತಿದ್ವಿ. ತಾತ ಹಿಂದೆ ಕಾಲು ಚಾಚ್ಕೊಂಡು ಮಲಗಿದ್ದ. ಮುಂದೆ ನನ್ನ ಪಕ್ಕ ಸೇಫ್ಟಿ ಸಾಹೇಬ್ರು, ಕಾರ್ಖಾನೆಯ ಸುರಕ್ಷತೆ ನೋಡ್ಕೊಳ್ಳೋರು. ಅರ್ಧ ದಾರೀಲಿ ನನಗೆ ಕಣ್ಣು ಮಂಜಾಯ್ತು, ಹೋಗಿ ಡಿವೈಡರ್‌ಗೆ ಗುದ್ದಿದೆ. ತಾತ ಅಷ್ಟು ಸದ್ದಿಗೂ ಏಳಲಿಲ್ಲ. ನಿದ್ದೆ ಅಂದ್ಕೊಂಡೆ ಅಕ್ಕ. ಮುಖ ಕೆಂಪಗೆ, ಒಳ್ಳೇ ಬಿಸಿನೀರಲ್ಲಿ ಸ್ನಾನ ಮಾಡಿದವನ ಹಾಗಿತ್ತು. ಡಾಕ್ಟರು ಹೊಗೆ ವಿಷ ಅಂದ್ರು. ಇಂಜಿನ್ ಹೊಗೆ ಒಳಗೆ ಬಂದಿದೆಯಂತೆ."

"ನಿನಗೆ ವಾಸನೆ ಬರಲಿಲ್ವಾ?"

"ಏಳು ವರ್ಷ ಥಿನ್ನರ್ ಮೂಸಿದ ಮೂಗು ಅಕ್ಕ ಇದು. ಹೂವೂ ಒಂದೇ, ಹೊಗೆಯೂ ಒಂದೇ."

"ಸೇಫ್ಟಿ ಸಾಹೇಬ್ರಿಗೆ ಏನಾಯ್ತು?"

"ಏನೂ ಆಗಿಲ್ಲ. ಅವರೇ ಮೊದಲು ಹೋಗಿ ಹೇಳಿಕೆ ಕೊಟ್ರು. ಗುಜರಿ ಸಾಮಾನಿನ ಡಬ್ಬ, ಹಾಕಿಸಬೇಡ ಅಂತ ಎಷ್ಟು ಸಲ ಹೇಳಿದೆ ಅಂತ. ಒಂದು ಸಲಾನೂ ಹೇಳಿಲ್ಲ ಅಕ್ಕ."

ಸೀಟಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದಳು. "ದುಡ್ಡಿರೋರು ಕಾರು ಬದಲಾಯಿಸಿದ್ರೆ ಶೋಕಿ ಅಂತಾರೆ. ನಾವು ಮಾಡಿದ್ರೆ ಅಪರಾಧ. ಏಳೋ ಫ್ಯೂಸು, ಟಾರ್ಚು ತಗೋ."

ಫ್ಯೂಸಣ್ಣ ಬಿದ್ದ ಇಕ್ಕಳವನ್ನೇ ಹುಡುಕುತ್ತ ಕೂತ. ಪೊಲೀಸರಿಗೆ ಇನ್ನೂ ಗೊತ್ತಿಲ್ಲದ ಒಂದು ಸಂಗತಿ ಅವನ ಎದೆಯಲ್ಲಿ ಕೂತಿತ್ತು. ದೊಡ್ಡ ಸ್ಪೀಕರು ಬಾಗಿಲೊಳಗೆ ಹಿಡಿಸದೆ, ಹಿಂದಿನ ಎರಡೂ ಕಿಟಕಿಗಳ ಹಿಡಿಕೆಯನ್ನೂ ಗಾಜು ಇಳಿಸುವ ಒಳಗಿನ ಗಾಲಿಯನ್ನೂ ಕಿತ್ತವನು ಅವನು. ಅಂದಿನಿಂದ ಆ ಗಾಜುಗಳು ಇಳಿಯುತ್ತಿರಲಿಲ್ಲ. ತಾತ ಉಸಿರಿಗಾಗಿ ಎದ್ದು ಗಾಜಿಗೆ ಕೈ ಹಾಕಿದ್ದರೆ? ತೆರೆಯಲು ತಡಕಾಡಿದ್ದರೆ? ವೆಲ್ಡರ್ ಆದ ಮೇಲೆ ಪೊಲೀಸರ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದು?

ಕಾರು ಗಲ್ಲಿಯ ಕೊನೆಯ ಬಯಲಿನಲ್ಲೇ ಇತ್ತು. ಠಾಣೆಯಲ್ಲಿ ಜಾಗವಿಲ್ಲವೆಂದು ಪೊಲೀಸರು ಅಲ್ಲಿಗೆ ಎಳೆಸಿ, ಒಬ್ಬ ಪೇದೆಯನ್ನು ಕಾವಲಿಗೆ ಬಿಟ್ಟಿದ್ದರು. ಪೇದೆ ಸೀಟಕ್ಕನ ಹಳೆ ಗಿರಾಕಿ. "ನೋಡಿ, ಆದ್ರೆ ಏನೂ ಕೀಳಬೇಡಿ" ಎಂದು ಪಕ್ಕದಲ್ಲೇ ನಿಂತ.

ಫ್ಯೂಸಣ್ಣ ಕಾರಿನ ಕೆಳಗೆ ನುಸುಳಿ ಬೆಳಕು ಬಿಟ್ಟ. ವೆಲ್ಡರ್ ಹಾಕಿದ ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಕೊಳವೆ ಸೇರುವಲ್ಲಿ ಬಿಗಿದಿದ್ದ ಪಟ್ಟಿ ಮಾತ್ರ ಸಡಿಲವಾಗಿತ್ತು; ತುಕ್ಕು ಹಿಡಿದ ಅದರ ಬೋಲ್ಟಿನ ಮೂಲೆಗಳು ಹೊಸದಾಗಿ ಹೊಳೆಯುತ್ತಿದ್ದವು.

"ಸೈಲೆನ್ಸರ್ ಹಾಕಿ ಎಷ್ಟು ದಿನ ಆಯ್ತು?" ಕೇಳಿದಳು ಸೀಟಕ್ಕ.

"ಎಂಟು ತಿಂಗಳು" ಅಂದಳು ಲ್ಯಾಬಿನವಳು.

ಸೀಟಕ್ಕ ಒಳಗೆ ತಲೆ ಹಾಕಿದಳು. ಬೇರೆ ಕಾರಿನ ಸೀಟಾದ್ದರಿಂದ ಒಂದು ಕಡೆಯ ಕೊಕ್ಕೆ ಕೂಡುತ್ತಿರಲಿಲ್ಲ; ಅಲ್ಲಿ ಅವಳೇ ಮೇಣ ಸವರಿದ ದಾರದಿಂದ ಕಟ್ಟಿದ್ದಳು. ಈಗ ದಾರ ಇರಲಿಲ್ಲ. ಆ ಜಾಗದಲ್ಲಿ ಸಣ್ಣ ತಂತಿ ಸುತ್ತಿತ್ತು. ತಂತಿಯ ಚೂಪು ತುದಿಯನ್ನು ಯಾರ ಬೆರಳಿಗೂ ತಾಗದ ಹಾಗೆ ಒಳಕ್ಕೆ ಮಡಿಸಿ ಒತ್ತಿದ್ದರು. ಪೇದೆಯ ಕಣ್ಣೆದುರೇ ಸೀಟಿನ ಇನ್ನೊಂದು ಬದಿಯನ್ನು ಎತ್ತಿದಳು. ಕೆಳಗೆ ನೆಲದ ತಗಡಿನಲ್ಲಿ ಅಂಗೈಯಗಲದ ತೂತು. ಅದರ ರಬ್ಬರ್ ಮುಚ್ಚಳ ಮಾಯ. ಸೀಟಿನ ಅಡಿಗೆ ಅವಳು ಬಡಿದಿದ್ದ ಬಿಳಿ ಬಟ್ಟೆಯ ಮೇಲೆ, ಸರಿಯಾಗಿ ತೂತಿನ ನೇರಕ್ಕೆ, ಕಪ್ಪು ಮಸಿಯ ದುಂಡನೆ ಗುರುತು.

ಯಾರೋ ಈ ಬಾಗಿಲು ತೆಗೆದು, ಈ ಸೀಟೆತ್ತಿ, ಮುದುಕನ ಬೆನ್ನ ಕೆಳಗೆ ಸಾವನ್ನು ಇಟ್ಟು, ಮತ್ತೆ ಅಚ್ಚುಕಟ್ಟಾಗಿ ಕಟ್ಟಿ ಹೋಗಿದ್ದರು. ಫ್ಯೂಸಣ್ಣ ಸರಿಸಿದ ಟಾರ್ಚಿನ ಬೆಳಕು ಮುಂದಿನ ಸೀಟಿನ ಕೆಳಗೆ ಬಿತ್ತು. ಅಲ್ಲೊಂದು ಬೆಂಕಿ ಆರಿಸುವ ಸಣ್ಣ ಸಿಲಿಂಡರು, ಸೀಟಿನ ಕಾಲಿಗೆ ತಂತಿಯಿಂದ ಕಟ್ಟಿತ್ತು. ತಂತಿಯ ತುದಿ ಒಳಕ್ಕೆ ಮಡಿಸಿತ್ತು. ಅಷ್ಟೇ ಅಲ್ಲ. ಬಲಗೈಯವರು ತಂತಿ ತಿರುಚಿದರೆ ಒಂದು ದಿಕ್ಕಿಗೆ ಹೊರಳುತ್ತದೆ. ಇವೆರಡೂ ಅದರ ಎದುರು ದಿಕ್ಕಿಗೆ ಹೊರಳಿದ್ದವು. ಎಡಗೈ ಅಂತ ಅವನಿಗೆ ಆ ಕ್ಷಣವೇ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಬಿಟ್ಟರೆ ಸಾಕ್ಷಿ, ಸಾಕ್ಷಿಯಾದರೆ ಪ್ರಶ್ನೆ, ಪ್ರಶ್ನೆ ಬಂದರೆ ಆ ಬಾಗಿಲುಗಳು.

"ಈ ಸಿಲಿಂಡರ್ ಯಾರದಮ್ಮ?"

"ಸೇಫ್ಟಿ ಸಾಹೇಬ್ರೇ ತಂದು ಕಟ್ಟಿದ್ರು. ಮೂರು ವಾರದ ಹಿಂದೆ, ನಮ್ಮ ಜೊತೆ ಬರೋಕೆ ಶುರು ಮಾಡಿದ ದಿನ."

"ಕೀಲಿ ಯಾರ ಹತ್ರ ಇರುತ್ತೆ?"

"ಹಗಲೆಲ್ಲ ಕಾರ್ಖಾನೆ ಗೇಟಿನ ಹಲಗೆ ಮೇಲೆ ನೇತಾಕಿರ್ತೀವಿ. ಗಾಡಿ ಸರಿಸಬೇಕಾಗುತ್ತಲ್ಲ."

ದಿನಾ ಹಿಂದಿನ ಸೀಟಿನಲ್ಲಿ ತಾತನ ಜೊತೆ ಕೂರುತ್ತಿದ್ದ ಕ್ಯಾಂಟೀನಮ್ಮನ ಮನೆಗೆ ಹೋದರು. ಅವಳು ಬಾಗಿಲನ್ನು ಅರ್ಧವೇ ತೆರೆದಳು.

"ನನಗೇನೂ ಗೊತ್ತಿಲ್ಲಕ್ಕ. ಹತ್ತು ದಿನದಿಂದ ತಲೆ ಸಿಡೀತಿತ್ತು, ಅದಕ್ಕೆ ಮೊನ್ನೆ ಬಸ್ಸಲ್ಲಿ ಬಂದೆ. ಅದೇ ಬದುಕಿಸ್ತು."

"ಹತ್ತು ದಿನದ ಹಿಂದೆ ಕಾರಲ್ಲಿ ಏನಾದ್ರೂ ಬದಲಾಯ್ತಾ?"

"ಏನೂ ಇಲ್ಲ. ಸಾಹೇಬ್ರು ಮೊದಲು ನಮ್ಮ ಜೊತೆ ಹಿಂದೆ ಕೂರ್ತಿದ್ರು. ಆವತ್ತಿಂದ ವಾಂತಿ ಬರುತ್ತೆ ಅಂತ ಮುಂದೆ ಹೋದ್ರು. ಕಿಟಕಿ ಎರಡು ಬೆರಳಷ್ಟು ತೆಗೆದು ಅಲ್ಲೇ ಮೂಗಿಟ್ಕೊಂಡು ಕೂರ್ತಿದ್ರು. ಚಳಿ ಇದ್ರೂ ಮುಚ್ತಿರಲಿಲ್ಲ."

"ತಾತ ಸೋಮವಾರ ಯಾವುದೋ ವಿಚಾರಣೆಗೆ ಹೋಗೋನಿದ್ದ ಅಂತ ದಾರೀಲಿ ಇವಳು ಹೇಳಿದ್ಲು. ಏನದು?"

ಕ್ಯಾಂಟೀನಮ್ಮನ ಮುಖ ಬಿಳಿಚಿತು. "ದಮ್ಮಯ್ಯ, ಮೆಲ್ಲಗೆ ಮಾತಾಡಿ" ಅಂದಳು. ಆಮೇಲೆ ಪಿಸುಮಾತಿನಲ್ಲಿ ಬಂದದ್ದು ಇಷ್ಟು. ಎರಡು ತಿಂಗಳ ಹಿಂದೆ ಬಣ್ಣದ ಟ್ಯಾಂಕು ತೊಳೆಯಲು ಇಳಿದ ಕೂಲಿಯೊಬ್ಬ ಉಸಿರುಗಟ್ಟಿ ಸತ್ತಿದ್ದ. ಅವನ ಮುಖಕ್ಕೆ ಕಟ್ಟಿದ್ದ ಮುಖವಾಡದ ಅವಧಿ ಮುಗಿದು ವರ್ಷಗಳಾಗಿದ್ದವು. ಮೇಲೆ ಹೊಸ ತಾರೀಖಿನ ಚೀಟಿ ಅಂಟಿಸಲು ತಾತನಿಗೆ ಮೇಲಿನವರ ಅಪ್ಪಣೆಯಾಗಿತ್ತು. ಅದನ್ನು ಸೋಮವಾರ ವಿಚಾರಣೆಯಲ್ಲಿ ಹೇಳುತ್ತೇನೆಂದು ತಾತ ಅದೇ ಕಾರಿನಲ್ಲಿ, ಸಾಹೇಬರಿಗೂ ಕೇಳುವ ಹಾಗೆ ಹೇಳಿಕೊಂಡಿದ್ದ.

ಸೀಟಕ್ಕ ಇನ್ಸ್‌ಪೆಕ್ಟರಿಗೆ ಹೇಳಿ ಕಳಿಸಿದಳು: ಹುಡುಗನನ್ನು ಹಿಡಿಯಲು ಬರುವಾಗ ಕಾರಿನವರನ್ನೆಲ್ಲ ಕರೆತನ್ನಿ, ಒಂದೇ ಸಲಕ್ಕೆ ಹೇಳಿಕೆ ಮುಗಿಯುತ್ತದೆ.

ಐದಕ್ಕೆ ಎಲ್ಲರೂ ಬಯಲಿನಲ್ಲಿ ಸೇರಿದರು. ವೆಲ್ಡರ್ ಬೇಡಿ ಹಾಕಲೆಂದು ಕೈ ಮುಂದೆ ಹಿಡಿದುಕೊಂಡೇ ಬಂದಿದ್ದ. ತಾನೇ ಕೊಂದೆ ಎಂದು ಅವನು ನಂಬಿಬಿಟ್ಟಿದ್ದ. ಸೇಫ್ಟಿ ಸಾಹೇಬರು ಇಸ್ತ್ರಿ ಹಾಕಿದ ಅಂಗಿಯಲ್ಲಿ ನಿಂತು ಗಡಿಯಾರ ನೋಡಿಕೊಂಡರು.

"ಬೇಗ ಮುಗಿಸಿ. ಟೈಲರಮ್ಮನ ಮಾತು ಕೇಳೋಕೆ ನನಗೆ ಪುರಸೊತ್ತಿಲ್ಲ."

"ಸೀಟು ಹೊಲಿಯೋಳು ಸಾಹೇಬ್ರೆ, ಎಲ್ಲರ ಭಾರಾನೂ ಗೊತ್ತು" ಅಂದಳು ಸೀಟಕ್ಕ.

ಅವಳು ಸೀಟಿನ ಬದಿ ಎತ್ತಿ, ತೂತಿನ ಮೇಲೆ ಒಂದು ಎಳೆ ಹತ್ತಿಯನ್ನು ದಾರದಲ್ಲಿ ಇಳಿಬಿಟ್ಟಳು. ಮುಂಭಾಗ ನುಗ್ಗಾಗಿದ್ದರೂ ಕಾರು ಓಡುತ್ತಿತ್ತು; ವೆಲ್ಡರ್ ಅದನ್ನು ದೊಡ್ಡ ರಸ್ತೆಯವರೆಗೆ ನಡೆಸಿ ವಾಪಸ್ ತಂದ. ಇನ್ಸ್‌ಪೆಕ್ಟರು ಮುಂದೆ ಕೂತು ಹಿಂದಕ್ಕೆ ತಿರುಗಿ ನೋಡಿದರು. ಹೋಗುವಾಗ ಕಿಟಕಿಗಳೆಲ್ಲ ಮುಚ್ಚಿದ್ದವು. ಬರುವಾಗ ಮುಂದಿನದೊಂದೇ ಎರಡು ಬೆರಳಷ್ಟು ತೆರೆದಿತ್ತು. ಇಳಿದಾಗ ಇನ್ಸ್‌ಪೆಕ್ಟರು ಮುಖ ಒರೆಸಿಕೊಂಡರು.

"ಮುಚ್ಚಿದಾಗ ಹತ್ತಿ ಸುಮ್ಮನೆ ತೂಗ್ತಿತ್ತು. ತೆಗೆದ ಕೂಡಲೇ ಮೇಲಕ್ಕೆ ಹಾರ್ತು. ಕಾರು ಉಸಿರೆಳೆದ ಹಾಗೆ."

"ಅದೇ ಸಾಹೇಬ್ರೆ. ಕಿಟಕಿ ಒಳಗಿನ ಗಾಳೀನ ಹೊರಗೆ ಎಳೆಯುತ್ತೆ, ಆ ಖಾಲಿ ಜಾಗಕ್ಕೆ ತೂತಿಂದ ಹೊಗೆ ಏರುತ್ತೆ. ಕಿಟಕಿ ಪಕ್ಕದವನಿಗೆ ತಂಗಾಳಿ, ಹಿಂದೆ ಮಲಗಿದವನಿಗೆ ವಿಷ. ಓಡಿಸ್ತಿದ್ದ ಇವಳಿಗೂ ಸ್ವಲ್ಪ ತಾಗಿ ಕಣ್ಣು ಮಂಜಾಯ್ತು." ಅವಳು ಬೆರಳು ಮಡಿಸದೆ, ಮಾತಿಗೊಮ್ಮೆ ಕಾರಿನ ಕಡೆ ತೋರಿಸುತ್ತ ಹೋದಳು. "ಎಂಟು ತಿಂಗಳು ಯಾರಿಗೂ ತಲೆ ನೋಯಲಿಲ್ಲ. ಶುರುವಾಗಿದ್ದು ಹತ್ತು ದಿನದ ಹಿಂದೆ. ಹುಡುಗನ ಬೆಸುಗೆ ಗಟ್ಟಿಯಾಗೇ ಇದೆ. ಸ್ಪ್ಯಾನರ್ ಹಾಕಿ ಯಾರೋ ಪಟ್ಟಿ ಸಡಿಲ ಮಾಡಿದಾರೆ. ನೆಲದ ಮುಚ್ಚಳ ತಾನಾಗಿ ಬಿದ್ದು ಹೋಯ್ತು ಅನ್ನೋಣ. ನನ್ನ ದಾರ ತಾನಾಗಿ ತಂತಿ ಆಗುತ್ತಾ? ತಲೆನೋವು ಶುರುವಾದ ದಿನಾನೇ ಹಿಂದಿಂದ ಎದ್ದು ಮುಂದೆ ಬಂದು ಕಿಟಕಿ ತೆಗೆದವರು ಒಬ್ಬರೇ. ಯಾವ ಹೊಗೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಓದಿರೋರೂ ಅವರೊಬ್ಬರೇ. ಮೊದಲು ದಿನಾ ಪಟ್ಟಿ ಸ್ವಲ್ಪ ಸ್ವಲ್ಪ ಸಡಿಲಿಸಿ ಹೊಗೆ ಬಿಟ್ಟು ನೋಡಿದ್ರು. ತಾತ ಸಾಕ್ಷಿ ಹೇಳೋ ಸೋಮವಾರ ಹತ್ರ ಬಂತು, ಪೂರ್ತಿ ಬಿಟ್ರು."

ಸೇಫ್ಟಿ ಸಾಹೇಬರು ನಕ್ಕರು. "ಕಿಟಕಿ ತೆಗೆದಿದ್ದಕ್ಕೆ ಗಲ್ಲಿಗೇರಿಸ್ತೀರಾ?"

"ತಂತಿಗೆ ಸಾಹೇಬ್ರೆ. ಈ ಗಲ್ಲೀಲಿ ಯಾರೂ ತಂತಿ ತುದಿ ಮಡಿಸಲ್ಲ, ಕತ್ತರಿಸಿ ಹಾಗೇ ಬಿಡ್ತೀವಿ. ಬೇರೆಯವರ ಬೆರಳು ಕುಯ್ಯಬಾರದು ಅಂತ ಮಡಿಸೋದು ನಿಮ್ಮ ವಿದ್ಯೆ. ಈ ಸಿಲಿಂಡರ್‌ಗೂ ಹಾಗೇ ಮಡಿಸಿದೀರಿ, ಸೀಟಿಗೂ ಹಾಗೇ. ಒಬ್ಬನ ಪ್ರಾಣ ತೆಗೆಯೋವಾಗ್ಲೂ ಕೈ ಅಭ್ಯಾಸ ಬಿಡಲಿಲ್ಲ."

"ಹಾಗೆ ಮಡಿಸೋರು ಸಾವಿರ ಜನ ಇದಾರೆ."

ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡರು. "ಅದೂ ನಿಜವೇ. ಇದು ಒಬ್ಬನದೇ ಕೈ ಅಂತ ಹೇಳೋರು ಯಾರು?"

ಸೀಟಕ್ಕ ಯಾರ ಕಡೆಯೂ ನೋಡಲಿಲ್ಲ. ಕಾರಿನಿಂದ ಇಳಿದ ವೆಲ್ಡರ್ ಮತ್ತೆ ಕೈ ಮುಂದೆ ಹಿಡಿದು ನಿಂತಿದ್ದ. ಆ ಕೈಗಳಲ್ಲಿ ಸುಟ್ಟ ಕಲೆಗಳಿದ್ದವು. ಫ್ಯೂಸಣ್ಣನಿಗೆ ಮನೆಗೆ ಓಡಿ ಚಿಲಕ ಹಾಕಿಕೊಳ್ಳಬೇಕು ಅನ್ನಿಸಿತು. ಓಡಿದರೆ ಆ ಹುಡುಗನ ಕೈಗಳು ಹತ್ತು ವರ್ಷ ಹಾಗೇ ನಿಂತಿರುತ್ತವೆ ಅನ್ನಿಸಿತು.

"ನಾನು ಹೇಳ್ತೀನಿ" ಅಂದ. ಮುಂದೆ ಬಂದು ತಂತಿಯ ಮೇಲೆ ಟಾರ್ಚು ಬಿಟ್ಟ. "ಇಪ್ಪತ್ತೈದು ವರ್ಷ ತಂತಿ ತಿರುಚಿದೀನಿ ಸಾಹೇಬ್ರೆ. ಇವೆರಡೂ ಎಡಗೈಯಲ್ಲಿ ತಿರುಚಿದ್ದು. ಎರಡಕ್ಕೂ ಮೂರೇ ಸುತ್ತು. ತಂತಿ ಒಂದೇ ಸುರುಳಿದು, ಕತ್ತರಿಸಿದ ತುದೀಲಿ ಇಕ್ಕಳದ ಒಂದೇ ಹಲ್ಲಿನ ಗುರುತಿದೆ. ಬೆಳಿಗ್ಗೆನೇ ನೋಡಿದೆ. ಹೆದರಿ ಸುಮ್ಮನಿದ್ದೆ."

ಇನ್ಸ್‌ಪೆಕ್ಟರು ಸಾಹೇಬರು ಮೊದಲು ಕೊಟ್ಟಿದ್ದ ಹೇಳಿಕೆಯ ಹಾಳೆಯನ್ನು ತೆಗೆದು ಕೆಳಗಿನ ರುಜುವನ್ನು ನೋಡಿದರು. ಎಡಕ್ಕೆ ವಾಲಿ, ಕೈ ಉಜ್ಜಿ ಹರಡಿದ ಮಸಿ. ಸೇಫ್ಟಿ ಸಾಹೇಬರು ತಮ್ಮ ಎಡಗೈಯನ್ನು ಜೇಬಿಗೆ ಹಾಕಿಕೊಂಡರು. ಅದನ್ನು ಎಲ್ಲರೂ ನೋಡಿದರು.

"ಎಲ್ಲ ನನ್ನ ತಲೆಗೇ ಕಟ್ಟಬೇಡಿ" ಅಂದರು ಅವರು, ನಗು ಕಳಚಿ. "ಚೀಟಿ ಅಂಟಿಸಿ ಅಂದೋನು ನಾನಲ್ಲ, ಮ್ಯಾನೇಜರು. ತಾತ ಬಾಯಿ ಬಿಟ್ರೆ ಮುಳುಗೋನು ನಾನೊಬ್ಬನೇನಾ?"

ಪೇದೆ ಅವರ ತೋಳು ಹಿಡಿದ. ಇನ್ಸ್‌ಪೆಕ್ಟರು ವೆಲ್ಡರಿಗೆ "ಕೈ ಕೆಳಗಿಳಿಸಪ್ಪ, ಮನೆಗೆ ಹೋಗು" ಅಂದರು. ಲ್ಯಾಬಿನವಳು ಬಂದು ತಮ್ಮನ ಆ ಕೈಗಳನ್ನು ತಾನೇ ಹಿಡಿದು ಇಳಿಸಬೇಕಾಯಿತು. ಆಮೇಲೆ ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು.

"ಮ್ಯಾನೇಜರ್ ವಿಷಯ ಬರೀಲಿಲ್ಲವಲ್ಲ" ಅಂದಳು ಸೀಟಕ್ಕ.

"ಅದು ದೊಡ್ಡವರ ಮಾತು ತಾಯಿ. ಇವನು ನಾಳೆ ಹೇಳೇ ಇಲ್ಲ ಅಂತಾನೆ. ಬೇರೆ ಸಾಕ್ಷಿ ಯಾರು?"

"ನಾನು" ಅಂದಳು ಕ್ಯಾಂಟೀನಮ್ಮ, ಸೆರಗು ಬಾಯಿಗೆ ಒತ್ತಿಕೊಂಡೇ. "ತಾತ ನನ್ನ ಪಕ್ಕದಲ್ಲೇ ಕೂತು ಹೇಳಿದ್ದು. ಮುಂದೆ ಕೂತ ಇವಳೂ ಕೇಳಿದಾಳೆ."

ಲ್ಯಾಬಿನವಳು ತಲೆಯಾಡಿಸಿದಳು. ಇನ್ಸ್‌ಪೆಕ್ಟರು ಒಲ್ಲದ ಮನಸ್ಸಿನಿಂದ ಪುಸ್ತಕ ತೆರೆದು, ಮೊದಲು ಫ್ಯೂಸಣ್ಣನ ಕಡೆ ತಿರುಗಿದರು.

"ನಿನ್ನಿಂದ ಶುರು ಮಾಡೋಣ. ಹೇಳು, ಈ ಕಾರಿಗೆ ನೀನೇನು ಮಾಡಿದ್ದೆ?"

ಅವನು ಹೇಳಿದ. ಸ್ಪೀಕರು, ಹಿಡಿಕೆ, ಇಳಿಯದ ಗಾಜು, ಒಂದನ್ನೂ ಬಿಡಲಿಲ್ಲ. ಸೀಟಕ್ಕ ಒಂದು ಸ್ಟೂಲನ್ನು ಅವನ ಹಿಂದೆ ತಳ್ಳಿದಳು, ಅವನು ಕೂರಲಿಲ್ಲ. ಇನ್ಸ್‌ಪೆಕ್ಟರು ಪೆನ್ನು ನಿಲ್ಲಿಸಿ ಅವನನ್ನೇ ದಿಟ್ಟಿಸಿದರು.

"ನಿನಗೂ ಕೋರ್ಟು ತಪ್ಪಲ್ಲ. ನಾಳೆಯಿಂದ ಕಾರ್ಖಾನೆಯವರು ಈ ಗಲ್ಲಿಗೆ ರಿಪೇರಿಗೆ ಅಂತ ಒಂದು ಗಾಡೀನೂ ಕಳಿಸಲ್ಲ. ಗೊತ್ತು ತಾನೇ?"

"ಗೊತ್ತು" ಅಂದ ಫ್ಯೂಸಣ್ಣ. "ಬರ್ಕೊಳ್ಳಿ."