ಏಳನೇ ಪುಟದ ಏಕವಚನ

ತಿಲೋ ಮೊದಲ ಸಲ ಬೋರ್ಡ್ ಆಟದ ಬಳಗಕ್ಕೆ ಬಂದ ದಿನ ವೀಬ್ಕೆ ಅವನನ್ನು ಅಗ್ನಿಶಾಮಕ ಇಲಾಖೆಯ ಇನ್‌ಸ್ಪೆಕ್ಟರ್ ಅಂದುಕೊಂಡುಬಿಟ್ಟಳು.

ತಪ್ಪು ಪೂರ್ತಿ ಅವಳದೂ ಅಲ್ಲ. ಹಾಟಿಂಗನ್ ಊರಿನ ಚರ್ಚ್ ಹಾಲ್‌ನಲ್ಲಿ ಗುರುವಾರ ಸಂಜೆ ಸೇರುವವರೆಲ್ಲ ಹಳೇ ಸ್ವೆಟರ್ ತೊಟ್ಟು, ಕಂಕುಳಲ್ಲಿ ಆಟದ ಡಬ್ಬಿ ಇರುಕಿಕೊಂಡು ಬರುವವರು. ಇವನೋ ಕೋಟು, ಟೈ, ಕೈಯಲ್ಲೊಂದು ಫೈಲು. ಹೊಸ್ತಿಲಲ್ಲೇ ನಿಂತು ಹಾಲ್‌ನ ನಾಲ್ಕು ಮೂಲೆಗಳನ್ನೂ ಅಳತೆ ಹಾಕುವವನಂತೆ ನೋಡಿದ.

"ಬನ್ನಿ, ಬನ್ನಿ. ಹಿಂದಿನ ಬಾಗಿಲಿಗೆ ನಾವು ಏನನ್ನೂ ಅಡ್ಡ ಇಟ್ಟಿಲ್ಲ. ನೀವೇ ತೆಗೆದು ನೋಡ್ಬಹುದು," ಅಂದಳು ವೀಬ್ಕೆ, ಒಂದೇ ಉಸಿರಿನಲ್ಲಿ.

ಅವನು ಹೋಗಿ ಬಾಗಿಲು ತೆಗೆದ. ಮುಚ್ಚಿದ. "ಚೆನ್ನಾಗಿದೆ," ಅಂದ. "ಆದ್ರೆ ನಾನು ಆಟ ಆಡೋಣ ಅಂತ ಬಂದೆ."

ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ವೀಬ್ಕೆಯ ಕಿವಿ ಕೆಂಪಾಯಿತು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಆ ಮನುಷ್ಯ ಮಾತ್ರ ನಗಲಿಲ್ಲ. ಅವಳ ಕಿವಿಯನ್ನು ನೋಡಿ, ಬೇಕೆಂದೇ ಕಣ್ಣನ್ನು ಬೇರೆ ಕಡೆ ತಿರುಗಿಸಿಕೊಂಡ. ಆ ಕಣ್ಣು ತಿರುಗಿಸಿದ್ದೇ ವೀಬ್ಕೆಯ ಮನಸ್ಸಿನಲ್ಲಿ ಉಳಿದುಹೋಯಿತು.

ಜೊತೆಗೆ ಉಳಿದದ್ದು 'ನೀವು'.

ಬಳಗದಲ್ಲಿ ಎಲ್ಲರೂ ಎಲ್ಲರಿಗೂ 'ನೀನು'. ವಾರ ಕಳೆಯುವುದರೊಳಗೆ ತಿಲೋ ಕೂಡ ಎಲ್ಲರಿಗೂ ನೀನು, ಬಾ, ಹೋಗು. ವೀಬ್ಕೆಗೆ ಮಾತ್ರ "ನಿಮ್ಮ ಸರದಿ, ಲೋಮನ್ ಅವರೇ." ಆ ಸೀಮೆಯಲ್ಲಿ ಬಹುವಚನದಿಂದ ಇಳಿಯುವುದಕ್ಕೂ ಒಂದು ಕ್ರಮ ಉಂಟಲ್ಲ: ದೊಡ್ಡವರು ಮೊದಲು ಹೇಳಬೇಕು, ಹೆಣ್ಣು ಮೊದಲು ಹೇಳಬೇಕು. ವೀಬ್ಕೆ ಅವನಿಗಿಂತ ಎರಡು ವರ್ಷ ದೊಡ್ಡವಳು, ಹೆಣ್ಣು ಬೇರೆ. ಹಾಗಾಗಿ ಅವನು ಕಾದ. ಅವಳೋ, 'ಎಲ್ಲರಿಗೂ ನೀನು ಅನ್ನುವವನಿಗೆ ನಾನೊಬ್ಬಳೇ ದೂರದವಳಾದೆನಲ್ಲ, ನಾನಾಗಿ ಯಾಕೆ ಕೇಳಲಿ' ಎಂದು ಬಿಗುಮಾನದಲ್ಲಿ ಕೂತಳು.

ಹೀಗೆ ಮೂರು ವರ್ಷ.

ವೀಬ್ಕೆಗೆ ಬಿಗುಮಾನ ಬರಲು ಕಾರಣವೂ ಇತ್ತು. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಪ್ರತಿ ಅಕ್ಟೋಬರ್‌ನಲ್ಲಿ ರಜೆ ಹಾಕಿ ಎಸ್ಸೆನ್ ನಗರದ ಆಟಗಳ ಮೇಳದಲ್ಲಿ ಬಂದವರಿಗೆ ಆಟ ಹೇಳಿಕೊಡಲು ನಿಲ್ಲುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಮೇಜಿನಿಂದ ಒಬ್ಬರೂ ನಿಯಮ ತಪ್ಪು ತಿಳಿದು ಎದ್ದುಹೋದದ್ದಿಲ್ಲ. ಯಾವ ಆಟ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಡಬ್ಬಿ ತೋರಿಸುತ್ತಿರಲಿಲ್ಲ, ಮೂರು ಪ್ರಶ್ನೆ ಕೇಳುತ್ತಿದ್ದಳು. "ಮನೇಲಿ ಯಾರ್ಯಾರು ಆಡ್ತೀರಿ? ಸೋತ್ರೆ ಮುಖ ಊದಿಸಿಕೊಳ್ಳೋರು ಯಾರು? ಎಷ್ಟು ಹೊತ್ತಿಗೆ ನಿದ್ದೆ ಬರತ್ತೆ?" ಆಮೇಲೆ ಕಪಾಟಿನಿಂದ ಒಂದೇ ಒಂದು ಡಬ್ಬಿ ಇಳಿಸುತ್ತಿದ್ದಳು. ಅಳತೆ ತೆಗೆದು ಹೊಲಿದ ರವಿಕೆಯ ಹಾಗೆ ಅದು ಆ ಮನೆಗೆ ಕೂಡುತ್ತಿತ್ತು.

ಈ ವರ್ಷ ಅವಳು ಹೇಳಿಕೊಡುತ್ತಿದ್ದದ್ದು ತಿಲೋ ಕಟ್ಟಿದ ಆಟ. ಹೆಸರು 'ನೀರುಬಾಗಿಲು'. ನದಿ, ಕಾಲುವೆ, ಕಲ್ಲಿದ್ದಲು ಹೊತ್ತ ಪುಟ್ಟ ಮರದ ದೋಣಿಗಳು, ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಗಳು. ಎರಡು ವರ್ಷ ಗುರುವಾರ ಗುರುವಾರ ಬಳಗವೆಲ್ಲ ಆಡಿ, ಜಗಳಾಡಿ, ಅವನು ಬದಲಿಸಿ, ಮತ್ತೆ ಆಡಿ ಹದವಾಗಿತ್ತು. ಪ್ರಕಟಿಸಿದವಳು ರೋಸ್ವಿಟಾ. ತನ್ನ ಮನೆಯ ಗ್ಯಾರೇಜಿನಿಂದಲೇ ವರ್ಷಕ್ಕೆ ಎರಡು ಆಟ ಹೊರತರುವ ಗಟ್ಟಿಗಿತ್ತಿ. ನಿಯಮದ ಪುಸ್ತಕ ತಿದ್ದಿದವಳು ವೀಬ್ಕೆಯೇ, ಕೆಂಪು ಪೆನ್ನು ಹಿಡಿದು.

ಮೇಳದ ಕೊನೆಯ ದಿನ, ಭಾನುವಾರ ಬೆಳಿಗ್ಗೆ ರೋಸ್ವಿಟಾ ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತ, "ನಿನಗೆ ಗೊತ್ತಾಯ್ತಾ? ತಿಲೋ ಮುಂದಿನ ಗುರುವಾರದಿಂದ ಡಾರ್ಟ್‌ಮುಂಡ್ ಬಳಗಕ್ಕೆ ಹೋಗ್ತಾನಂತೆ," ಅಂದಳು.

"ಯಾಕೆ?"

"ಅದನ್ನ ನನ್ನ ಯಾಕೆ ಕೇಳ್ತೀಯ? ಅವನ್ನೇ ಕೇಳು."

"ನಾನ್ಯಾಕೆ ಕೇಳ್ಲಿ. ಅವರಿಷ್ಟ," ಅಂದಳು ವೀಬ್ಕೆ. ಬಿಸಿ ಕಾಫಿ ನಾಲಿಗೆ ಸುಟ್ಟಿತು. ಸುಟ್ಟದ್ದೇ ಒಳ್ಳೆಯದಾಯಿತು, ಕಣ್ಣಲ್ಲಿ ನೀರು ಬಂದದ್ದಕ್ಕೊಂದು ನೆಪ ಸಿಕ್ಕಿತು.

ಮಳಿಗೆಯ ತುದಿಯಲ್ಲಿ ತಿಲೋ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ನಾಲ್ಕು ದಿನವೂ ಹಾಗೆಯೇ. ಜನ ಅವನ ಆಟದ ಮೇಲೆ ಬಗ್ಗಿದರೆ ಅವನೂ ಇಷ್ಟಿಷ್ಟೇ ಬಗ್ಗುವುದು, ಅವರು ನಕ್ಕರೆ ನೆಲ ನೋಡಿ ನಗುವುದು. ಮಗುವನ್ನು ಮೊದಲ ದಿನ ಶಾಲೆಗೆ ಬಿಟ್ಟು ಗೇಟಿನ ಹೊರಗೇ ನಿಂತ ತಾಯಿಯ ಹಾಗೆ. ನೋಡಿದಾಗಲೆಲ್ಲ ವೀಬ್ಕೆಯ ಎದೆ ಹೆಮ್ಮೆಯಿಂದ ಉಬ್ಬುತ್ತಿತ್ತು. ಹೆಮ್ಮೆಪಡಲು ತನಗೇನು ಹಕ್ಕು ಎಂದು ಮರುಕ್ಷಣ ಕುಗ್ಗುತ್ತಿತ್ತು.

ಮಧ್ಯಾಹ್ನ ಓಲ್ಡನ್‌ಬುರ್ಗ್‌ನಿಂದ ಬಂದ ವಯಸ್ಸಾದ ಗಂಡಹೆಂಡತಿ ಮೇಜಿಗೆ ಕೂತರು. ಓಟ್ಮಾರ್ ನಿವೃತ್ತ ರೈಲ್ವೆ ನೌಕರ, ಗೆರ್ಲಿಂಡೆ ಅವನ ಹೆಂಡತಿ. ವೀಬ್ಕೆ ಹತ್ತು ನಿಮಿಷದಲ್ಲಿ ಆಟ ಹೇಳಿಕೊಟ್ಟಳು. ಅವರು ಆಡತೊಡಗಿದರು. ಮೂರನೇ ಸುತ್ತಿನಲ್ಲಿ ಒಂದು ಬಾಗಿಲಿನ ಈಚೆ ಕೆಂಪು ದೋಣಿ, ಆಚೆ ನೀಲಿ ದೋಣಿ ಬಂದು ನಿಂತವು.

"ಆಡೇ, ನಿನ್ನ ಸರದಿ," ಅಂದ ಓಟ್ಮಾರ್.

"ಆಡು ಅಂದ್ರೆ ಎಲ್ಲಿಗೆ ಹೋಗ್ಲಿ? ಎದುರಿಗೆ ನೀನು ಎಮ್ಮೆ ಥರ ನಿಂತಿದೀಯಲ್ಲ. ನೀನೇ ಸರಿ."

"ನಾನು ಹೇಗೆ ಸರಿಯೋದು? ಸರದಿ ನಿಂದು. ನಲವತ್ತು ವರ್ಷದಿಂದ ಇದೇ ಆಯ್ತು."

ವೀಬ್ಕೆ ನಗುತ್ತ ಬಗ್ಗಿದಳು. "ಸುಲಭ ಅಮ್ಮ. ನಿಮ್ಮ ಸರದಿ ಬಿಟ್ಟುಕೊಟ್ಟು ಎದುರಿನ ದೋಣೀನ ಕರೀರಿ."

"ಅದು ಎಲ್ಲಿ ಬರೆದಿದೆ?" ಓಟ್ಮಾರ್ ಕನ್ನಡಕ ಏರಿಸಿ ನಿಯಮದ ಪುಸ್ತಕ ಚಾಚಿದ. "ಏಳನೇ ಪುಟ ಎರಡು ಸಲ ಓದ್ದೆ. 'ಸರದಿ ಬಂದಾಗ ದೋಣಿ ನಡೆಸಲೇಬೇಕು' ಅಂತ ಇದೆ. ಬಿಟ್ಟುಕೊಡೋದು ಎಲ್ಲೂ ಇಲ್ಲ."

"ಇದೆ, ನೋಡಿ, ಇಲ್ಲೇ..." ಎಂದು ವೀಬ್ಕೆ ಪುಟ ತಿರುವಿದಳು. ಮತ್ತೆ ತಿರುವಿದಳು. ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳ ಮೇಜಿನಲ್ಲಿ ನಿಯಮ ತಪ್ಪಿತ್ತು. ಆ ನಿಯಮ ಇಲ್ಲದಿದ್ದರೆ ಆಟವೇ ಇಲ್ಲ, ದೋಣಿಗಳು ಎದುರುಬದುರು ನಿಂತಲ್ಲೇ ನಿಲ್ಲುತ್ತವೆ. ಬಳಗದಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದರಿಂದ ಪುಸ್ತಕದಲ್ಲಿ ಇಲ್ಲವೆಂಬುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಕ್ಷಮಿಸಿ. ಅದು ನನ್ನ ತಪ್ಪು," ಎಂಬ ದನಿ ಬೆನ್ನ ಹಿಂದಿನಿಂದ ಬಂತು. ತಿಲೋ. "ಆಟ ಕಟ್ಟಿದವನು ನಾನೇ. ಆ ಸಾಲು ಬರೆಯೋದು ಮರೆತೆ."

"ಕಟ್ಟಿದವರೇ ಮರೆತ್ರೆ ಹೇಗಪ್ಪಾ?" ಓಟ್ಮಾರ್ ಎದ್ದ. ಕೊಳ್ಳಲೆಂದು ಪಕ್ಕಕ್ಕೆ ಎತ್ತಿಟ್ಟಿದ್ದ ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿಟ್ಟ. "ಅರ್ಧ ಬೆಂದದ್ದನ್ನ ಬಡಿಸಬಾರದು. ಬಾರೇ, ಒಂದು ಕಾಫಿ ಕುಡಿಯೋಣ."

ಕಪಾಟಿನಲ್ಲಿ ಡಬ್ಬಿ ಸ್ವಲ್ಪ ಸೊಟ್ಟಗಿತ್ತು, ತಿಲೋ ಅದನ್ನು ನೆಟ್ಟಗೆ ಮಾಡಿದ. ಆ ಬೆರಳುಗಳನ್ನು ನೋಡಿ ವೀಬ್ಕೆಗೆ ನಿಲ್ಲಲಾಗಲಿಲ್ಲ. ಇವನು ಮರೆಯುವವನಲ್ಲ. ನದಿಯ ಒಂದೊಂದು ತಿರುವನ್ನೂ ನೆನಪಿನಿಂದ ಬರೆಯುವವನು.

ಅವಳು ಮಳಿಗೆಯ ಹಿಂಬದಿಯ ಪರದೆಯಾಚೆ ಹೋದಳು. "ರೋಸ್ವಿಟಾ, ತಿಲೋ ಬರೆದ ಮೂಲ ಪ್ರತಿ ಇದೆಯಾ? ನಾನು ತಿದ್ದಿದ್ದು?"

"ಫೈಲಿನಲ್ಲಿದೆ. ಯಾಕೆ, ಮುಖ ಯಾಕೆ ಹಾಗಾಗಿದೆ?"

ಏಳನೇ ಪುಟ. ಅವನ ಸಣ್ಣ, ನೆಟ್ಟನೆಯ ಅಕ್ಷರ. ಪುಸ್ತಕದುದ್ದಕ್ಕೂ ಆಟಗಾರರಿಗೆ 'ನೀವು' ಎಂದೇ ಬರೆದಿದ್ದವನು ಇಲ್ಲಿ ಮಾತ್ರ ಬೇರೆ ಬರೆದಿದ್ದ:

'ಬಾಗಿಲಿನ ಎರಡೂ ಕಡೆ ದೋಣಿಗಳು ನಿಂತು ಯಾವುದೂ ಕದಲದಿದ್ದರೆ, ನಿನ್ನ ಸರದಿ ಬಿಟ್ಟುಕೊಟ್ಟು ಎದುರಿನ ದೋಣಿಯನ್ನು ಕರೆ. ನೀನು ಕರೆಯುವವರೆಗೆ ಅದು ಅಲ್ಲೇ ಕಾಯುತ್ತಿರುತ್ತದೆ, ಎಷ್ಟು ದಿನವಾದರೂ.'

ಅದರ ಮೇಲೆ ಅವಳದೇ ಕೆಂಪು ಗೆರೆ, ಈ ತುದಿಯಿಂದ ಆ ತುದಿಗೆ. ಅಂಚಿನಲ್ಲಿ ಅವಳದೇ ಟಿಪ್ಪಣಿ: 'ಏಕವಚನ ಇಲ್ಲಿ ಸಲ್ಲದು. ಆಟದಲ್ಲಿ ದಿನಗಳಿಲ್ಲ, ಸುತ್ತುಗಳಿವೆ. ಇದು ನಿಯಮವಲ್ಲ, ತೆಗೆಯಿರಿ.'

ಏಕವಚನ ತಿದ್ದುವ ಭರದಲ್ಲಿ ವೀಬ್ಕೆ ನಿಯಮವನ್ನೇ ಹೊಡೆದುಹಾಕಿದ್ದಳು.

ಇದನ್ನು ತಿದ್ದಿದ್ದು ಏಪ್ರಿಲ್‌ನಲ್ಲಿ. ಮೇ ತಿಂಗಳಿಂದ ತಿಲೋ ಅವಳ ಎದುರಿನ ಕುರ್ಚಿ ಬಿಟ್ಟು ಕಿಟಕಿಯ ಪಕ್ಕದ ಮೇಜಿಗೆ ಹೋಗಿದ್ದ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಅಂದಿದ್ದ. ಅವಳು ನಂಬಿದ್ದಳು!

ರೋಸ್ವಿಟಾ ಅವಳ ಭುಜದ ಮೇಲಿಂದ ಬಗ್ಗಿ ಓದಿದಳು. "ಅಯ್ಯೋ ಹುಡುಗಿ. ದಿನಾ ಊರಿನವರಿಗೆಲ್ಲ ಕನ್ನಡಕ ಕೊಡ್ತೀಯ. ನಿನಗೇ ಒಂದು ಬೇಕಿತ್ತಲ್ಲೇ."

"ಬೈಬೇಡ. ಒಂದು ಖಾಲಿ ಹಾಳೆ ಕೊಡು."

ಅವಳು ಬರೆದಳು. ಮೇಳದ ಕಚೇರಿಗೆ ಓಡಿ, ಜೆರಾಕ್ಸ್ ಮಾಡಿಸಿ, ಕತ್ತರಿಯಲ್ಲಿ ಒಂದೊಂದೇ ಚೀಟಿ ಕತ್ತರಿಸಿ, ಉಳಿದಿದ್ದ ಪ್ರತಿ ಡಬ್ಬಿಯೊಳಗೂ ಇಟ್ಟಳು. ಒಂದನ್ನು ಕೈಯಲ್ಲಿ ಹಿಡಿದು ಕಾಫಿ ಅಂಗಡಿಯ ಸಾಲಿನಲ್ಲಿ ಓಟ್ಮಾರ್‌ನನ್ನು ಹುಡುಕಿ ಹಿಡಿದಳು. ಗಂಡಹೆಂಡತಿ ಇಬ್ಬರನ್ನೂ ಬನ್ನಿ ಬನ್ನಿ ಎಂದು ಮಳಿಗೆಗೇ ಕರೆತಂದಳು. ತಿಲೋ ಇನ್ನೂ ಕಪಾಟಿನ ಬಳಿಯೇ ನಿಂತಿದ್ದ.

"ಓದಿ," ಅಂದಳು.

ಓಟ್ಮಾರ್ ಗಟ್ಟಿಯಾಗಿ ಓದಿದ. ಏಳನೇ ಪುಟದ ಸಾಲು, ಒಂದಕ್ಷರವೂ ಬದಲಾಗದೆ. ಕೆಳಗೆ: 'ಈ ಸಾಲನ್ನು ತಪ್ಪಾಗಿ ಹೊಡೆದುಹಾಕಿದ್ದು ಪುಸ್ತಕ ತಿದ್ದಿದವಳು. ಆಟ ಕಟ್ಟಿದವರ ದೋಷ ಏನೂ ಇಲ್ಲ. ವೀಬ್ಕೆ ಲೋಮನ್.'

"ಮತ್ತೆ ಇವರು 'ನಾನೇ ಮರೆತೆ' ಅಂದ್ರಲ್ಲ?"

"ಇವರು ಯಾವುದನ್ನೂ ಮರೆಯೋರಲ್ಲ," ಅಂದಳು ವೀಬ್ಕೆ. "ನಾನು ಎಲ್ಲರೆದುರು ಸಣ್ಣವಳಾಗಬಾರದು ಅಂತ ಹಾಗಂದ್ರು. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಆಟ ಇದು. ಇಡೀ ಮೇಳದಲ್ಲಿ ಇಂಥದ್ದು ಇನ್ನೊಂದು ತೋರಿಸಿ, ನೋಡೋಣ."

ಗೆರ್ಲಿಂಡೆ ಗಂಡನ ಪಕ್ಕೆಗೆ ಮೆಲ್ಲಗೆ ತಿವಿದಳು. "ಡಬ್ಬಿ ತಗೊಂಡು ನಡಿ. ಇಲ್ಲಿ ನಮಗೇನೂ ಕೆಲಸ ಇಲ್ಲ."

ಅವರು ಹೋದರು. ತಿಲೋ ಚೀಟಿಯನ್ನು ಎರಡು ಕೈಯಲ್ಲೂ ಹಿಡಿದು ನೋಡುತ್ತಿದ್ದ.

"ಆಟದಲ್ಲಿ ದಿನಗಳಿಲ್ಲ ಅಂದಿದ್ರಿ ನೀವು," ಅಂದ ಕೊನೆಗೆ.

"ಅಂದಿದ್ದೆ."

"ಏಕವಚನ ಸಲ್ಲದು ಅಂತಲೂ."

"ಅದನ್ನೂ ಅಂದಿದ್ದೆ. ನೀವು ಬಾಯಿಬಿಟ್ಟು ಒಂದು ಮಾತು ಹೇಳ್ಬಾರದಿತ್ತಾ? ನಿಯಮದ ಪುಸ್ತಕದಲ್ಲಿ ಯಾರಾದ್ರೂ ಪ್ರೇಮಪತ್ರ ಬರೀತಾರಾ?"

"ನೀವು ಬೇರೇನೂ ಅಷ್ಟು ಗಮನ ಇಟ್ಟು ಓದಲ್ಲ," ಅಂದ ತಿಲೋ. "ಅದಕ್ಕೇ ಅಲ್ಲಿ ಬರೆದೆ."

ವೀಬ್ಕೆಗೆ ನಗು, ಅಳು ಎರಡೂ ಒಟ್ಟಿಗೆ ಒತ್ತಿ ಬಂತು. ಅವನ ಕಣ್ಣು ಎಂದಿನಂತೆ ಬೇರೆ ಕಡೆ ತಿರುಗಲು ಹೊರಟಿತ್ತು. ಅವಳು ಬಿಡಲಿಲ್ಲ, ಅತ್ತ ಕಡೆಗೇ ಒಂದು ಹೆಜ್ಜೆ ಸರಿದು ಎದುರು ನಿಂತಳು.

"ದೊಡ್ಡವಳು ನಾನು. ಮೊದಲು ಹೇಳಬೇಕಾದವಳೂ ನಾನೇ. ಮೂರು ವರ್ಷ ತಡ ಆಯ್ತು, ಅದೂ ನನ್ನ ಲೆಕ್ಕಕ್ಕೇ ಇರ್ಲಿ. ನನ್ನ ಹೆಸರು ವೀಬ್ಕೆ. ಇನ್ನು ಮೇಲೆ ನನಗೆ ನೀನು ಅನ್ನು, ತಿಲೋ."

ಅವನ ತುಟಿ ಅಲುಗಿತು. ಪಕ್ಕದ ಮಳಿಗೆಯಲ್ಲಿ ಯಾರೋ ಗೆದ್ದು ಕೇಕೆ ಹಾಕಿದರು. ವೀಬ್ಕೆ ಕಾದಳು. ಕಾಯುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

"ನೀನು..." ಅಂದ ತಿಲೋ. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

ಮೂರು ವರ್ಷ ಕಾದು ಕೇಳಿದ ಮೊದಲ ಏಕವಚನ ಇದು. ಇದಕ್ಕಿಂತ ಚಂದದ ಮಾತನ್ನು ವೀಬ್ಕೆ ಯಾವತ್ತೂ ಕೇಳಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು. ಅವನು ಚೀಲದಿಂದ ಡಬ್ಬಿ ತೆಗೆದ. ಆಲೂಗಡ್ಡೆ ಸಲಾಡ್, ಚಮಚ ಒಂದೇ. ಪರದೆಯ ಹಿಂದೆ ನಿಂತೇ ಸರದಿಯ ಮೇಲೆ ತಿಂದರು.

"ಡಾರ್ಟ್‌ಮುಂಡ್‌ಗೆ ಹೋಗ್ತೀಯಾ?"

"ಕರೆದವಳು ಇಲ್ಲಿದ್ದಾಳಲ್ಲ. ಅಲ್ಲಿ ನನಗೇನು ಕೆಲಸ?"

ಅವನ ಗಲ್ಲದ ಮೇಲೆ ಸಲಾಡ್‌ನ ಚೂರೊಂದು ಅಂಟಿತ್ತು. ಅವಳು ಹೆಬ್ಬೆರಳಿನಿಂದ ಒರೆಸಿದಳು. ಒರೆಸಿದ ಮೇಲೂ ಬೆರಳು ಅಲ್ಲೇ ಇತ್ತು. ತಿಲೋ ಅದರ ಮೇಲೆ ತನ್ನ ಕೈ ಇಟ್ಟ.

"ಏನ್ರೋ, ಮೇಳ ಮುಗಿಯೋಕೆ ಇನ್ನೂ ಎರಡು ಗಂಟೆ ಇದೆ! ಮೇಜಿಗೆ ಜನ ಬಂದಿದ್ದಾರೆ," ಎಂದು ರೋಸ್ವಿಟಾ ಆಚೆಯಿಂದ ಕೂಗಿದಳು.

ಮೇಜಿನ ಸುತ್ತ ನಾಲ್ವರು ಹೊಸಬರು ಬೆನ್ನಚೀಲ ಕೆಳಗಿಳಿಸಿ ಕೂತಿದ್ದರು. ವೀಬ್ಕೆ ಇನ್ನೊಂದು ಕುರ್ಚಿ ಎಳೆದು ತನ್ನ ಪಕ್ಕಕ್ಕೇ ಹಾಕಿದಳು. ತಿಲೋ ಮಳಿಗೆಯ ತುದಿಗೆ ಹೊರಟವನು ನಿಂತ.

"ಅಲ್ಲಿಗೆಲ್ಲಿ ಹೊರಟೆ? ಇಲ್ಲಿ ಕೂತ್ಕೋ."

ಅವನು ಕೂತ. ವೀಬ್ಕೆ ನದಿಯ ಹಲಗೆಯನ್ನು ಬಿಡಿಸಿ, ಎರಡೂ ಅಂಗೈಯಿಂದ ಮಡಿಕೆ ನೇವರಿಸಿದಳು. ದೋಣಿಗಳನ್ನು ಮುಟ್ಟುವ ಮೊದಲು ತಲೆಯೆತ್ತಿ ನಾಲ್ವರನ್ನೂ ನೋಡಿದಳು.

"ಆಟ ಆಮೇಲೆ. ಮೊದಲು ಒಂದು ವಿಷಯ," ಅಂದಳು, ನಾಲ್ಕು ಮೇಜಿನಾಚೆಗೂ ಕೇಳುವಷ್ಟು ಗಟ್ಟಿಯಾಗಿ. "ಇದನ್ನ ಕಟ್ಟಿದವನು ಇವನು."