ಬಿಚ್ಚಿಟ್ಟ ಪಂಪುಗಳು

ಬೆಳಗಿನ ಹಾಜರಿ ಮುಗಿಯುವ ಮೊದಲೇ ಲಾರಿ ಮಾಲೀಕ ಠಾಣೆಯಲ್ಲಿ ಕೂಗಾಡುತ್ತಿದ್ದ. ಅವನ ಶೆಡ್ಡಿನಲ್ಲಿದ್ದ ಮೂರು ಲಾರಿಗಳ ವಾಟರ್ ಪಂಪುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಲೋಡು ಹೊತ್ತು ಬೆಟ್ಟದ ರಸ್ತೆ ಹತ್ತಬೇಕಾದ ಗಾಡಿಗಳು ನಿಂತಲ್ಲೇ ನಿಂತಿದ್ದವು. ರೈಟರ್ ಚಹಾದ ಲೋಟ ಪಕ್ಕಕ್ಕಿಟ್ಟು ತಕ್ಷಣ ಎಫ್‌ಐಆರ್ ದಾಖಲಿಸಿದ. ಕಳವು ಪ್ರಕರಣ.

ಇನ್‌ಸ್ಪೆಕ್ಟರ್ ದಫೇದಾರನೊಂದಿಗೆ ಸ್ಥಳಕ್ಕೆ ಹೋದರು. ಶೆಡ್ಡಿನ ಬೀಗ ಮುರಿದಿರಲಿಲ್ಲ. ಇಂಜಿನ್ ತಂಪಾಗಿಡುವ ಹಸಿರು ಕೂಲೆಂಟನ್ನು ಇಳಿಸಿ ಬಕೆಟುಗಳಲ್ಲಿ ಹಿಡಿದು, ಮೇಲೆ ತಗಡು ಮುಚ್ಚಲಾಗಿತ್ತು. ಬೋಲ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಆಯಾ ಗಾಡಿಯ ಸೀಟಿನ ಮೇಲೇ ಇಡಲಾಗಿತ್ತು.

"ಕಳ್ಳ ಮನೆ ಗುಡಿಸಿ ಹೋದ ಹಾಗಿದೆ ಸಾರ್," ಎಂದ ದಫೇದಾರ.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ನಾಲ್ಕನೆಯ ಲಾರಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಇನ್‌ಸ್ಪೆಕ್ಟರ್ ಬಗ್ಗಿ ಟಾರ್ಚ್ ಬಿಟ್ಟರು. ಅದರ ಪಂಪು ಹೊಚ್ಚ ಹೊಸದು.

"ಇದನ್ನ ಯಾವಾಗ ಹಾಕ್ಸಿದ್ರಿ?"

"ಹೋದ ವಾರ," ಮಾಲೀಕ ಗೊಣಗಿದ. "ಡ್ರೈವರ್ ಮೈಮರೆತು ಇಂಜಿನ್ ಕುದಿಸಿದ. ಪೈಪ್ ಒಡೆದು ಮೈ ಸುಟ್ಕೊಂಡ. ಆಸ್ಪತ್ರೇಲಿದಾನೆ."

"ಹಳೇ ಪಂಪು?"

"ಗುಜರಿಗೆ ಹೋಯ್ತು. ಅದಕ್ಕೂ ಕಳ್ಳತನಕ್ಕೂ ಏನ್ ಸಂಬಂಧ?"

"ಶೆಡ್ಡಿನ ಕೀಲಿ ಯಾರ ಹತ್ರ ಇರುತ್ತೆ?"

"ಒಂದು ನನ್ ಹತ್ರ. ಇನ್ನೊಂದು ಮೆಕ್ಯಾನಿಕ್ ಹತ್ರ." ಮಾಲೀಕ ತಡವರಿಸಿದ. "ಅವಳು ಆ ಡ್ರೈವರ್‌ನ ಅತ್ತಿಗೆ."

ಮೆಕ್ಯಾನಿಕ್ ಎಲ್ಲಿಗೂ ಓಡಿಹೋಗಿರಲಿಲ್ಲ. ಜೀಪು ನಿಲ್ಲುತ್ತಲೇ ಮನೆಯ ಬಾಗಿಲನ್ನು ತಾನೇ ಅಗಲಕ್ಕೆ ತೆರೆದಳು.

"ಪಂಪುಗಳೆಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

"ಮಂಚದ ಕೆಳಗೆ. ಮಾರೋಕಲ್ಲ, ನಿಮಗೇ ಅಂತ ಇಟ್ಟಿದೀನಿ."

ದಫೇದಾರ ಹೊರಗೆಳೆದ. ಅವಳು ಒಂದನ್ನು ಮಗುಚಿ ಕೆಳಗಿನ ಸಣ್ಣ ತೂತನ್ನು ತೋರಿಸಿದಳು. ಅದರೊಳಗೆ ಬೂದು ಬಣ್ಣದ ಪೇಸ್ಟ್ ಒಣಗಿ ಕಲ್ಲಾಗಿತ್ತು. ಮೇಲೆ ಯಾರದೋ ಹೆಬ್ಬೆರಳಿನ ಗುರುತು.

"ಒಳಗಿನ ಸೀಲ್ ಸವೆದ್ರೆ ಕೂಲೆಂಟ್ ಇಲ್ಲಿಂದ ಸೋರುತ್ತೆ. ಸೋರೋದು ಕಂಡ್ರೆ ಸೀಲ್ ಬದಲಿಸ್ಬೇಕು. ಬದಲಿಸ್ತೀನಿ ಅಂದೆ. ಗಾಡಿ ನಿಲ್ಸೋಕಾಗಲ್ಲ, ತೂತು ಮುಚ್ಚು ಅಂದ್ರು ಮಾಲೀಕ್ರು. ನಾನು ಒಪ್ಪದಿದ್ದಕ್ಕೆ ತಾವೇ ಮೆತ್ತಿದ್ರು. ನನ್ ಮೈದುನನ ಗಾಡೀಲಿ ಹೊರಗೆ ಸೋರೋಕೆ ದಾರಿಯಿಲ್ಲದೆ ಕೂಲೆಂಟ್ ಬೇರಿಂಗಿಗೆ ಇಳಿದು, ಪಂಪು ಕಚ್ಕೊಂಡು ಇಂಜಿನ್ ಕುದೀತು. ಆಮೇಲಾಗಿದ್ದು ನಿಮಗೆ ಗೊತ್ತಲ್ಲ."

"ದೂರು ಕೊಡ್ಬೇಕಿತ್ತಮ್ಮ."

"ಕೊಡೋಕೆ ಬಂದಿದ್ದೆ. ಮೆಕ್ಯಾನಿಕ್ ಜಗಳನ ಇಲ್ಲಿಗ್ಯಾಕೆ ತಂದೆ ಅಂತ ನಿಮ್ ರೈಟರ್ರು ಕಳಿಸಿದ್ರು. ಮಾಲೀಕ್ರ ಪಂಪು ಹೋಯ್ತು ನೋಡಿ, ಇನ್‌ಸ್ಪೆಕ್ಟರೇ ಮನೆಗೆ ಬಂದ್ರು!"

ದಫೇದಾರ ಗೋಡೆ ನೋಡಿದ. ಇನ್‌ಸ್ಪೆಕ್ಟರ್ ಪೇಸ್ಟಿನ ಮೇಲಿನ ಹೆಬ್ಬೆರಳ ಗುರುತಿಗೆ ಟಾರ್ಚ್ ಬಿಟ್ಟರು. ರೈಟರ್ ಅವರದೇ ಠಾಣೆಯವನು. ಅವನಾಡಿದ ಮಾತು ತಾವೇ ಆಡಿದಂತೆ.

"ಆದ್ರೂ ಕಳವು ಕಳವೇ," ಎಂದರು ಕೊನೆಗೆ. "ದಸ್ತಗಿರಿ ಮಾಡ್ಬೇಕಾಗುತ್ತೆ."

"ಮಾಡಿ. ಕೈ ಮುಗೀತೀನಿ ಅಂತ ಮಾತ್ರ ಕಾಯ್ಬೇಡಿ. ವಾಪಸ್ ಬಂದ್ಮೇಲೂ ಆ ಗಾಡಿಗಳು ಹೀಗೇ ಹೊರಟ್ರೆ ಮತ್ತೆ ಬಿಚ್ತೀನಿ."

ಪಂಪುಗಳನ್ನು ಜಪ್ತಿ ಮಾಡಿ, ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದರು. ಅವಳು ತಲೆ ಎತ್ತಿಕೊಂಡೇ ಜೀಪು ಹತ್ತಿದಳು. ನೆರೆಯವರು ಕಿಟಕಿಗಳಲ್ಲಿ ಇಣುಕುತ್ತಿದ್ದರೂ ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ.

ಠಾಣೆಯಲ್ಲಿ ಮಾಲೀಕ ಕಾಯುತ್ತಿದ್ದ. "ನನ್ ಪಂಪು ಯಾವಾಗ ಕೊಡ್ತೀರಿ?"

"ತಜ್ಞರು ನೋಡ್ಬೇಕು, ಕೋರ್ಟು ಹೇಳ್ಬೇಕು," ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಇನ್ನೊಂದು ಎಫ್‌ಐಆರ್ ಆಗ್ತಿದೆ. ಅದರಲ್ಲಿ ನೀವು ದೂರುದಾರರಲ್ಲ."

ಅದನ್ನು ಬರೆಯಲು ರೈಟರನ್ನೇ ಕೂರಿಸಿದರು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಡ್ರೈವರನ ಹೇಳಿಕೆ ಪಡೆದಾಗ ಉಳಿದದ್ದು ತಿಳಿಯಿತು. ಅವನ ಎದೆ, ಕುತ್ತಿಗೆಗೆಲ್ಲ ಬ್ಯಾಂಡೇಜು, ಪಿಸುದನಿಯಲ್ಲೇ ಮಾತು. ತಾಯಿಯಿಲ್ಲದ ಅವನನ್ನು ಅತ್ತಿಗೆಯೇ ಸಾಕಿ, ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದಳು. ಸುಟ್ಟ ಮರುದಿನ ಮಾಲೀಕ ಬಂದು ಮಂಚದ ಪಕ್ಕ ನಿಂತು, "ತಪ್ಪು ನಿಂದೇ ತಾನೇ?" ಎಂದು ಕೇಳಿದನಂತೆ. ಕೆಲಸ ಹೋದೀತೆಂಬ ಭಯಕ್ಕೆ ಇವನು ಹೌದೆಂದು ತಲೆಯಾಡಿಸಿದ. ಅತ್ತಿಗೆ ಅಲ್ಲೇ ಇದ್ದಳು. ಸುಟ್ಟ ಗಾಯವನ್ನು ನೋಡಿ ಸಹಿಸಿಕೊಂಡವಳಿಗೆ ಅವನು ಹಾಗೆ ತಲೆಯಾಡಿಸಿದ್ದನ್ನು ಸಹಿಸಲಾಗಲಿಲ್ಲ.